ಕುಶಾಲನಗರದಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಮಕ್ಕಳು, ಅತ್ತೆ ಜೊತೆ: ಹೋಗಿ, ಆದರೆ ಒಂದು ರಾತ್ರಿ ಉಳಿಯಿರಿ

ನಿಮ್ಮ ಪ್ರಶ್ನೆ ಓದಿದೆ. ಕುಶಾಲನಗರದಲ್ಲಿದ್ದೀರಿ, ಮನೆಯಲ್ಲಿ ಎರಡು ಚಿಕ್ಕ ಮಕ್ಕಳು, ಮಂಡಿನೋವಿನ ಅತ್ತೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಒಂದೇ ದಿನದಲ್ಲಿ ಹೋಗಿ ಬರಲು ಆಗುತ್ತಾ, ಪಕ್ಕದಲ್ಲೇ ನಿಸರ್ಗಧಾಮ ಇರುವಾಗ ಅಷ್ಟು ದೂರ ಹೋಗುವುದು ಬೇಕಾ ಅಂತ ಕೇಳಿದ್ದೀರಿ.

ಹೋಗಿ, ಖಂಡಿತ ಹೋಗಿ. ಆದರೆ ಒಂದೇ ದಿನದಲ್ಲಿ ಬೇಡ. ನಾನು ಮಡಿಕೇರಿಯವಳು. ಅಮ್ಮ, ಮಗಳು, ಅಣ್ಣನ ಮಕ್ಕಳು ಎಲ್ಲರನ್ನೂ ಕಟ್ಟಿಕೊಂಡು ಹೋಗಿ ಬಂದ ಮೇಲೆ ಈ ಮಾತು ಹೇಳುತ್ತಿದ್ದೇನೆ. ಮಡಿಕೇರಿಯಿಂದ ಮಲ್ಪೆಗೆ ಸುಮಾರು 190ರಿಂದ 200 ಕಿಲೋಮೀಟರ್. ನಿಮಗೆ ಅದರ ಮೇಲೆ ಇನ್ನೂ 30 ಕಿಲೋಮೀಟರ್ ಸೇರಿಸಿಕೊಳ್ಳಿ. ಸಂಪಾಜೆ ಘಾಟಿ ಇಳಿದು, ಸುಳ್ಯ, ಪುತ್ತೂರು, ಮಾಣಿ, ಬಿ.ಸಿ. ರೋಡ್ ದಾಟಿ, ಮಂಗಳೂರು ಅಥವಾ ಮೂಡುಬಿದಿರೆ–ಕಾರ್ಕಳ ಕಡೆಯಿಂದ ಉಡುಪಿ ಸೇರಬೇಕು. ಮಕ್ಕಳಿದ್ದರೆ ನಡುವೆ ನಾಲ್ಕು ಕಡೆ ನಿಲ್ಲಿಸಲೇಬೇಕು. ಹಾಗೆ ಹೋಗಿ ಮಧ್ಯಾಹ್ನ ಎರಡು ಗಂಟೆಯ ಸುಡುಬಿಸಿಲಿಗೆ ದ್ವೀಪದಲ್ಲಿ ಇಳಿದರೆ ಮಕ್ಕಳು ಅಳುವುದಕ್ಕೆ ಶುರು ಮಾಡುತ್ತವೆ, ದೊಡ್ಡವರು ನೆರಳು ಹುಡುಕುತ್ತಾರೆ, ಕಲ್ಲನ್ನು ಯಾರೂ ನೋಡುವುದಿಲ್ಲ. ಅಷ್ಟು ದೂರ ಹೋಗುವುದೇ ಆ ಕಲ್ಲು ನೋಡುವುದಕ್ಕೆ.

ನಿಸರ್ಗಧಾಮದ ಜೊತೆ ಹೋಲಿಸಿದಿರಲ್ಲ, ಅದನ್ನೇ ಮೊದಲು ಹೇಳುತ್ತೇನೆ. ನಿಸರ್ಗಧಾಮ ಕಾವೇರಿ ಸುತ್ತಿ ಹರಿಯುವ 64 ಎಕರೆ ಜಾಗ. ತೂಗುಸೇತುವೆ, ಬಿದಿರು ಮೆಳೆ, ಜಿಂಕೆ, ತಂಪು ನೆರಳು. ಅದು ನಮ್ಮದೇ ಕಾಡಿನ ಒಂದು ತುಂಡು. ಇನ್ನೊಮ್ಮೆ ಹೋದರೂ ಚೆನ್ನ. ಸೇಂಟ್ ಮೇರೀಸ್‌ನಲ್ಲಿ ಇದ್ಯಾವುದೂ ಇಲ್ಲ. ತೆಂಗಿನ ಮರಗಳು ಒಂದಿಷ್ಟು, ಉಳಿದದ್ದು ಬರೀ ಕಲ್ಲು ಮತ್ತು ಸಮುದ್ರ. ಆಟದ ಸಾಮಾನು, ಪಾರ್ಕು ಅಂದುಕೊಂಡು ಹೋದರೆ ಬೇಜಾರಾಗುತ್ತದೆ. ಕಲ್ಲು ನೋಡಲು ಹೋದರೆ ಮಕ್ಕಳೂ ಮರೆಯುವುದಿಲ್ಲ.

ಆ ಕಲ್ಲಿನ ವಿಷಯ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ದ್ವೀಪದಲ್ಲಿ ಹೆಚ್ಚಿನವರು ಫೋಟೋ ತೆಗೆದುಕೊಂಡು ಅದರ ಮೇಲೇ ಕೂತು ಚಿಪ್ಸ್ ತಿಂದು ವಾಪಸ್ ಬರುತ್ತಾರೆ. ಅಲ್ಲಿ ಬಂಡೆ ಬಂಡೆಯಾಗಿ ಇಲ್ಲ. ಯಾರೋ ಅಳತೆ ಹಿಡಿದು ಕಡೆದು ನಿಲ್ಲಿಸಿದ ಹಾಗೆ ಕಂಬಗಳು. ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಕೆಲವು ನಮಗಿಂತ ಎತ್ತರ, ಕೆಲವು ಸವೆದು ಮಣೆಯಷ್ಟಾಗಿವೆ. ತಲೆ ಮುರಿದ ಕಂಬದ ಮೇಲೆ ಮಕ್ಕಳ ಕೈಯಲ್ಲಿ ಮೂಲೆ ಎಣಿಸಿ. ಕೆಲವದಕ್ಕೆ ಐದು, ಕೆಲವದಕ್ಕೆ ಏಳು, ಜಾಸ್ತಿ ಸಿಗುವುದು ಆರು. ನನ್ನ ಮಗಳು ಬೆರಳಿಟ್ಟು ಒಂದೊಂದೇ ಮೂಲೆ ಮುಟ್ಟುತ್ತಾ ಎಣಿಸಿದಳು. ಆಮೇಲೆ ಅವಳನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು.

ಅದು ಹೇಗಾಯಿತು ಅಂತ ಮಕ್ಕಳು ಕೇಳಿಯೇ ಕೇಳುತ್ತಾರೆ. ಸುಮಾರು 8.8 ಕೋಟಿ ವರ್ಷದ ಹಿಂದೆ ಭಾರತ ಮತ್ತು ಮಡಗಾಸ್ಕರ್ ಒಂದಕ್ಕೊಂದು ಅಂಟಿಕೊಂಡಿದ್ದವು. ಎರಡೂ ಬೇರೆಯಾಗುವ ಹೊತ್ತಿಗೆ ಭೂಮಿಯ ಒಳಗಿಂದ ಲಾವಾ ಉಕ್ಕಿ ಬಂತು. ಬಿಸಿ ಲಾವಾ ಆರುತ್ತಾ ಕುಗ್ಗುತ್ತದೆ, ಕುಗ್ಗುವಾಗ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಗದ್ದೆಯ ಕೆಸರು ಒಣಗಿ ಬಿರುಕು ಬಿಟ್ಟಿರುತ್ತದಲ್ಲ, ಹಾಗೇ. ಗದ್ದೆಯಲ್ಲಿ ಬಿರುಕು ಒಂದು ಗೇಣು ಇಳಿದು ನಿಲ್ಲುತ್ತದೆ. ಇಲ್ಲಿ ಮೇಲಿಂದ ಕೆಳಗಿನವರೆಗೂ ಇಳಿದು ಕಂಬವೇ ಆಗಿದೆ. ಇದಕ್ಕಾಗಿಯೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ಹಾಗಾಗಿ ಕಲ್ಲಿನ ಚೂರು, ಚಿಪ್ಪು ಯಾವುದನ್ನೂ ಚೀಲಕ್ಕೆ ಹಾಕಿಕೊಳ್ಳಬೇಡಿ. ಮಕ್ಕಳಿಗೂ ಮೊದಲೇ ಹೇಳಿಡಿ.

ನನಗೆ ತುಂಬ ಖುಷಿ ಕೊಟ್ಟ ವಿಷಯ ಇನ್ನೊಂದಿದೆ. ಕೋಟಿ ವರ್ಷದ ಕಲ್ಲು ಅಂದ ತಕ್ಷಣ ಎಷ್ಟು ಹಳೆಯದು ಅನ್ನಿಸುತ್ತದೆ ಅಲ್ವಾ? ನಮ್ಮ ಕೊಡಗಿನ ಬೆಟ್ಟಗಳ ಕಲ್ಲು 300 ಕೋಟಿ ವರ್ಷಕ್ಕೂ ಹಿಂದಿನದು. ಅದರ ಮುಂದೆ ಸೇಂಟ್ ಮೇರೀಸ್‌ನ ಕಲ್ಲು ಮೊನ್ನೆ ಮೊನ್ನೆಯದು. ಹೋಗುವ ಮೊದಲು ಮನೆ ಹಿಂದಿನ ಬಂಡೆಯನ್ನು ಮಕ್ಕಳಿಗೆ ಒಮ್ಮೆ ಮುಟ್ಟಿಸಿ ಕರೆದುಕೊಂಡು ಹೋಗಿ.

ದಾರಿಯಲ್ಲೂ ತೋರಿಸುವುದಕ್ಕೆ ಬೇಕಾದಷ್ಟಿದೆ. ನೀವು ದಿನಾ ನೋಡುವ ಕಾವೇರಿ ಪೂರ್ವಕ್ಕೆ ಹೋಗಿ ಬಂಗಾಳ ಕೊಲ್ಲಿ ಸೇರುತ್ತಾಳೆ. ಮಡಿಕೇರಿ ದಾಟಿ ಘಾಟಿ ಇಳಿಯಲು ಶುರು ಮಾಡಿದ ಮೇಲೆ ನೀರು ಪಶ್ಚಿಮಕ್ಕೆ. ಸಂಪಾಜೆಯಲ್ಲಿ ಸಿಗುವ ಪಯಸ್ವಿನಿಯೂ ಕೊಡಗಿನಲ್ಲೇ ಹುಟ್ಟಿದ ಹೊಳೆ. ಅದು ಸುಳ್ಯದ ಮೇಲಿಂದ ಹರಿದು ಕಾಸರಗೋಡಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಮುಂದೆ ಪಾಣೆಮಂಗಳೂರಿನಲ್ಲಿ ನೇತ್ರಾವತಿ. ನಮ್ಮ ಮಾರ್ಕೆಟ್ಟಿಗೆ ಬರುವ ಬೂತಾಯಿ, ಬಂಗುಡೆ ಮೀನು ಘಾಟಿ ಹತ್ತಿ ಬರುವುದೂ ಇದೇ ರಸ್ತೆಯಲ್ಲಿ. ಘಾಟಿಯ ತಿರುವಿನಲ್ಲಿ ಮಕ್ಕಳಿಗೆ ವಾಂತಿ ಆಗುವುದಿದ್ದರೆ ಮಡಿಕೇರಿಯಲ್ಲಿ ಹೊಟ್ಟೆ ತುಂಬ ತಿನ್ನಿಸಬೇಡಿ. ಊಟ ಸುಳ್ಯ ಅಥವಾ ಪುತ್ತೂರಿನಲ್ಲಿ ಇಟ್ಟುಕೊಳ್ಳಿ.

ಯಾವಾಗ ಹೋಗುವುದು? ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿಯೇ ಇಲ್ಲ. ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇ ಮಧ್ಯದವರೆಗೆ ಮಾತ್ರ ಬಿಡುತ್ತಾರೆ. ಆಗಲೂ ಗಾಳಿ ಜೋರಿದ್ದರೆ ನಿಲ್ಲಿಸುತ್ತಾರೆ, ಅದಕ್ಕೆ ಹಿಂದಿನ ದಿನ ವಿಚಾರಿಸಿ. ಮಳೆಯಲ್ಲಿ ನಮ್ಮ ಘಾಟಿಯನ್ನೂ ನಂಬುವ ಹಾಗಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದದ್ದು ಕೊಡಗಿನವರಿಗೆ ಯಾರೂ ನೆನಪು ಮಾಡಿಕೊಡಬೇಕಿಲ್ಲ. ಏಪ್ರಿಲ್, ಮೇ ರಜೆಯಲ್ಲಿ ಕರಾವಳಿಯ ಸೆಕೆ ತಡೆಯಲಾಗುವುದಿಲ್ಲ. ಅದೂ ನಮ್ಮಂಥ ತಂಪಿನಲ್ಲಿ ಬೆಳೆದವರಿಗೆ ಇನ್ನೂ ಕಷ್ಟ. ತೋಟ ಇದ್ದವರಾದರೆ ಡಿಸೆಂಬರ್‌ನಿಂದ ಕಾಫಿ ಕೊಯ್ಲು, ಮನೆ ಬಿಟ್ಟು ಹೊರಡುವುದೇ ಆಗುವುದಿಲ್ಲ. ಹಾಗಾಗಿ ತುಲಾ ಸಂಕ್ರಮಣ ಕಳೆದು ಪುತ್ತರಿಗೆ ಮುಂಚೆ, ಅಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಒಳಗೆ ಒಂದು ಶನಿವಾರ ಹೊರಟರೆ ಸರಿ. ಕೊಯ್ಲಿನ ಚಿಂತೆ ಇಲ್ಲದಿದ್ದರೆ ಜನವರಿಯೂ ಚೆನ್ನ.

ಶನಿವಾರ ಬೆಳಿಗ್ಗೆ ಹೊರಟು ಸಂಜೆ ಮಲ್ಪೆ ಬೀಚಿನಲ್ಲಿ ಮಕ್ಕಳನ್ನು ಮರಳಲ್ಲಿ ಬಿಡಿ. ರಾತ್ರಿ ಉಡುಪಿಯಲ್ಲಿ ಉಳಿಯಿರಿ. ಅತ್ತೆಗೆ ಕೃಷ್ಣ ಮಠದ ದರ್ಶನವೂ ಆಗುತ್ತದೆ. ಮಠದಿಂದ ಮಲ್ಪೆ ಆರು ಕಿಲೋಮೀಟರ್ ಒಳಗೆ. ಭಾನುವಾರ ಬೆಳಗಿನ ಮೊದಲ ದೋಣಿ ಹಿಡಿಯಿರಿ. ಬಿಸಿಲು ಏರಿರುವುದಿಲ್ಲ, ಜನ ಕಡಿಮೆ. ದೋಣಿ ಸುಮಾರು ಅರ್ಧ ಗಂಟೆಯ ದಾರಿ. ಜನ ತುಂಬಿದ ಮೇಲೆ ಹೊರಡುವುದರಿಂದ ಸ್ವಲ್ಪ ಕಾಯುವುದಿರುತ್ತದೆ. ಆ ಹೊತ್ತು ಬಂದರಿನಲ್ಲಿ ಮೀನು ಇಳಿಸುವುದನ್ನು ನೋಡಿ. ಬುಟ್ಟಿ ಬುಟ್ಟಿ ಮೀನು, ಐಸಿನ ಸದ್ದು, ತುಳುವಿನಲ್ಲಿ ಹರಾಜು. ಅದೇ ಒಂದು ತಮಾಷೆ.

ಈಗ ಅತ್ತೆಯ ಮಂಡಿ. ಇಲ್ಲಿ ನಿಜ ಹೇಳಬೇಕು. ದೋಣಿಯಲ್ಲಿ ಕೂರುವುದು ಕಷ್ಟವಲ್ಲ, ಹತ್ತುವುದು ಇಳಿಯುವುದು ಕಷ್ಟ. ನಾವು ಹೋದಾಗ ದ್ವೀಪದ ಹತ್ತಿರ ದೊಡ್ಡ ದೋಣಿಯಿಂದ ಚಿಕ್ಕ ದೋಣಿಗೆ ದಾಟಿಸಿದರು. ಅಲೆಗೆ ಎರಡೂ ಮೇಲೆ ಕೆಳಗೆ ಆಡುತ್ತಿರುತ್ತವೆ. ದೋಣಿಯ ಹುಡುಗ "ಅಮ್ಮ, ಕೈ ಕೊಡಿ ಮಾರಾಯ್ರೆ, ಹೆದರಬೇಡಿ" ಅಂತ ಎರಡೂ ಕೈ ಹಿಡಿದು, ಎರಡು ದೋಣಿ ಒಂದೇ ಮಟ್ಟಕ್ಕೆ ಬಂದ ಕ್ಷಣ ನೋಡಿ ಅಮ್ಮನನ್ನು ಎತ್ತಿಯೇ ಇಳಿಸಿದ. ಅಮ್ಮ ಗಟ್ಟಿಗಿತ್ತಿ, ನಕ್ಕರು. ನಿಮ್ಮ ಅತ್ತೆಗೆ ಮೆಟ್ಟಿಲು ಇಳಿಯಲು ಆಸರೆ ಬೇಕಾಗುತ್ತದೆ ಅಂತಿದ್ದರೆ, ಟಿಕೆಟ್ ತೆಗೆಯುವ ಮೊದಲೇ ಆ ದಿನ ಹೇಗೆ ಇಳಿಸುತ್ತಾರೆ ಅಂತ ಕೇಳಿ, ಅತ್ತೆಯನ್ನೇ ತೀರ್ಮಾನ ಮಾಡಲು ಬಿಡಿ. ಬೇಡ ಅಂದರೆ ನಿಮ್ಮಲ್ಲಿ ಒಬ್ಬರು ಅವರ ಜೊತೆ ಮಲ್ಪೆ ಸೀ ವಾಕ್‌ನಲ್ಲಿ ಇರಿ. ಸಮುದ್ರದೊಳಕ್ಕೆ ಚಾಚಿದ ಕಾಲುದಾರಿ ಅದು, ಸಮತಟ್ಟು, ಗಾಳಿ ಚೆನ್ನಾಗಿ ಬರುತ್ತದೆ. ಅಲ್ಲಿ ಕೂತವರಿಗೂ ಸಮುದ್ರ ಸಿಕ್ಕೇ ಸಿಗುತ್ತದೆ. ದೊಡ್ಡವರನ್ನು "ಬನ್ನಿ ಬನ್ನಿ" ಅಂತ ಒತ್ತಾಯ ಮಾಡಿ ಕಲ್ಲಿನ ಮೇಲೆ ನಡೆಸುವುದು ನನಗೆ ಸರಿ ಕಾಣುವುದಿಲ್ಲ.

ದ್ವೀಪದ ದಡದಲ್ಲಿ ಮರಳಿಗಿಂತ ಚಿಪ್ಪೇ ಜಾಸ್ತಿ. ಕಾಲಿಟ್ಟರೆ ಕರಕರ ಅನ್ನುತ್ತದೆ, ಬರಿಗಾಲಿಗೆ ಚುಚ್ಚುತ್ತದೆ. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಸಿ. ಟೋಪಿ, ಜಾಸ್ತಿ ನೀರು, ಮಕ್ಕಳಿಗೆ ಒಂದು ಜೊತೆ ಬಟ್ಟೆ ಸಾಕು. ಖಾಲಿ ಬಾಟಲಿ ವಾಪಸ್ ತನ್ನಿ.

ನೀರಿನ ಬಗ್ಗೆ ಮಾತ್ರ ದಯವಿಟ್ಟು ನನ್ನ ಮಾತು ಕೇಳಿ. ನಮ್ಮ ಮಕ್ಕಳು ಹೊಳೆಯಲ್ಲಿ ಆಡಿ ಬೆಳೆದವರು, ನೀರಿಗೆ ಹೆದರುವುದಿಲ್ಲ. ಆದರೆ ಕಾವೇರಿಯಲ್ಲಿ ಈಜಿದ ಅಭ್ಯಾಸ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕಂಬಗಳ ಬುಡದಲ್ಲಿ ಪಾಚಿ ಇರುತ್ತದೆ, ಪಕ್ಕದಲ್ಲೇ ನೀರು ಆಳ. ಅಲೆ ಬಂದು ಬಂಡೆಗೆ ಬಡಿದು ಹಿಂದಕ್ಕೆ ಎಳೆಯುತ್ತದೆ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಕಾಲೇಜು ವಿದ್ಯಾರ್ಥಿಗಳು ಇಲ್ಲೇ ನೀರುಪಾಲಾದರು. ಹಗ್ಗ ಕಟ್ಟಿದ ಆಚೆಗೆ, ಬೋರ್ಡ್ ಹಾಕಿದ ಕಡೆಗೆ ಹೆಜ್ಜೆ ಇಡಬೇಡಿ. ಜೀವರಕ್ಷಕರು ಶಿಳ್ಳೆ ಹೊಡೆದರೆ ಬೇಸರ ಮಾಡಿಕೊಳ್ಳದೆ ಹಿಂದೆ ಬನ್ನಿ. ಐದು ವರ್ಷದ ಮಗುವಿನ ಕೈಯನ್ನು ಸೆಲ್ಫಿಗೂ ಬಿಡಬೇಡಿ.

ಮಕ್ಕಳಿಗೆ ಕಥೆ ಬೇಕಾದರೆ ಅದೂ ಉಂಟು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಶಿಲುಬೆ ನೆಟ್ಟು ಮೇರಿಯ ಹೆಸರಿಟ್ಟ ಎಂಬುದು ಪ್ರತೀತಿ. ನನಗೆ ಅದಕ್ಕಿಂತ ಹತ್ತಿರದ್ದು ಪಕ್ಕದ ದರಿಯಾ ಬಹಾದ್ದೂರ್‌ಗಡ ಅನ್ನುವ ದ್ವೀಪದ ಕಥೆ. ಅಲ್ಲಿ ಬಿದನೂರಿನ ಬಸಪ್ಪ ನಾಯಕ ಕಟ್ಟಿಸಿದ ಕೋಟೆಯ ಅವಶೇಷ ಇದೆ. ಬಿದನೂರಿನವರು ಅಂದರೆ ಇಕ್ಕೇರಿ ಮನೆತನ. ಮಡಿಕೇರಿಯಿಂದ ಕೊಡಗನ್ನು ಆಳಿದ ನಮ್ಮ ಹಾಲೇರಿ ಅರಸರನ್ನು ಅದೇ ಮನೆತನದ ಕವಲು ಅನ್ನುತ್ತಾರೆ. ಮಡಿಕೇರಿ ಕೋಟೆ ನೋಡಿದ ಮಕ್ಕಳಿಗೆ ಇದನ್ನು ಹೇಳಿ, ಕಣ್ಣರಳಿಸುತ್ತಾರೆ.

ದ್ವೀಪದಲ್ಲಿ ಎರಡು ಗಂಟೆ ಸಾಕು. ಹನ್ನೆರಡರೊಳಗೆ ಮಲ್ಪೆಗೆ ವಾಪಸ್ ಬಂದು, ಮೀನು ತಿನ್ನುವವರಾದರೆ ಅಲ್ಲೇ ಊಟ ಮುಗಿಸಿ. ಬಿಸಿ ಅನ್ನಕ್ಕೆ ಬಂಗುಡೆ ಪುಳಿಮುಂಚಿ, ಮಕ್ಕಳಿಗೆ ಮುಳ್ಳು ಕಡಿಮೆ ಇರುವ ಅಂಜಲ್ ಫ್ರೈ. ಒಂದು ಗಂಟೆಗೆ ಹೊರಟರೆ ಐದರ ಹೊತ್ತಿಗೆ ಸುಳ್ಯ. ಅಲ್ಲಿ ಟೀ ಕುಡಿದು, ಮಕ್ಕಳಿಗೆ ಸ್ವೆಟರ್ ಕೈಗೆ ಸಿಗುವ ಹಾಗೆ ಇಟ್ಟುಕೊಂಡು ಹೊರಡಿ. ಕತ್ತಲಾದ ಮೇಲೆ ಘಾಟಿಯಲ್ಲಿ ಮಂಜು ಕೂರುತ್ತದೆ, ಎದುರಿನಿಂದ ಲಾರಿಗಳು ಬರುತ್ತಿರುತ್ತವೆ. ಬೆಳಕಿರುವಾಗಲೇ ಸಂಪಾಜೆ ಗೇಟ್ ದಾಟಿ ಮೇಲೆ ಹತ್ತಿಬಿಡಿ.