ಖಾಸಗಿ ಅಂತರರಾಷ್ಟ್ರೀಯ ಕಾನೂನಿನ ಮೊದಲ ತರಗತಿ ಎಲ್ಲಿಂದ ಶುರು ಮಾಡಬೇಕು?

ಮೊದಲ ಸಲ ಈ ವಿಷಯ (ಜನರ ನಡುವಿನ ವ್ಯಾಜ್ಯ ಒಂದಕ್ಕಿಂತ ಹೆಚ್ಚು ದೇಶ ಅಥವಾ ರಾಜ್ಯಗಳಿಗೆ ತಾಗಿದಾಗ ಯಾರ ಕಾನೂನು ಎಂದು ತೀರ್ಮಾನಿಸುವ ಕಾನೂನು) ಪಾಠ ಮಾಡುತ್ತಿದ್ದೇನೆ, ಇತಿಹಾಸದಿಂದ ಶುರು ಮಾಡಲೋ, ಕಾನೂನಿನ ಲೆಕ್ಕದ ಶಾಶ್ವತ ನೆಲೆಯಾದ ಡೊಮಿಸೈಲ್‌ನಿಂದಲೋ ಎಂದು ಕೇಳಿದ್ದೀರಿ. ಎರಡೂ ಬೇಡ, ಒಂದು ಅಪಘಾತದಿಂದ ಶುರು ಮಾಡಿ. ನಾನೂ ಕೆಲವು ವರ್ಷ ವ್ಯಾಖ್ಯೆಗಳಿಂದಲೇ ಆರಂಭಿಸುತ್ತಿದ್ದೆ. ವಿದ್ಯಾರ್ಥಿಗಳು ಪದಗಳನ್ನು ಬಾಯಿಪಾಠ ಮಾಡಿಬಿಡುತ್ತಿದ್ದರು, ತೊಡಕು ಎಲ್ಲಿದೆ ಎನ್ನುವುದು ಮಾತ್ರ ತಲೆಗೆ ಹೋಗುತ್ತಿರಲಿಲ್ಲ.

ನಾನೀಗ ಹೇಳುವುದು ಬ್ಯಾಬ್‌ಕಾಕ್ ವಿರುದ್ಧ ಜಾಕ್ಸನ್ ಪ್ರಕರಣ. 1960ರ ಸೆಪ್ಟೆಂಬರ್. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಿಂದ ಒಂದು ದಂಪತಿ ಸ್ನೇಹಿತೆಯನ್ನು ಕೂರಿಸಿಕೊಂಡು ವಾರಾಂತ್ಯಕ್ಕೆ ಕೆನಡಾ ಕಡೆ ಹೊರಟರು. ಒಂಟಾರಿಯೊದಲ್ಲಿ ಕಾರು ರಸ್ತೆ ಬಿಟ್ಟು ಕಲ್ಲಿನ ಗೋಡೆಗೆ ಗುದ್ದಿತು. ತೀವ್ರವಾಗಿ ಗಾಯಗೊಂಡ ಸ್ನೇಹಿತೆ ನ್ಯೂಯಾರ್ಕಿಗೆ ಮರಳಿದ ಮೇಲೆ ಪರಿಹಾರಕ್ಕಾಗಿ ಅಲ್ಲೇ ದಾವೆ ಹೂಡಿದರು. ಒಂಟಾರಿಯೊದ ಅಂದಿನ ಕಾನೂನಿನಲ್ಲಿ, ದುಡ್ಡು ಕೊಡದೆ ಕಾರು ಹತ್ತಿದವರು ಚಾಲಕನಿಂದ ಪರಿಹಾರ ಕೇಳುವಂತಿರಲಿಲ್ಲ. ನ್ಯೂಯಾರ್ಕಿನಲ್ಲಿ ಅಂಥ ತಡೆ ಇರಲಿಲ್ಲ.

ಇಲ್ಲಿ ನಿಲ್ಲಿಸಿ, ಯಾವ ಕಾನೂನು ಎಂದು ಕೈ ಎತ್ತಿಸಿ. ಅಪಘಾತ ಆದ ಜಾಗದ್ದು ಎಂದು ಅರ್ಧ ತರಗತಿ ಹೇಳುತ್ತದೆ. ಹಳೆಯ ನಿಯಮವೂ ಅದೇ. ಹಾಗಾದರೆ ಒಂಟಾರಿಯೊ ಆ ತಡೆ ತಂದದ್ದೇಕೆ ಎಂದು ಕೇಳಿ. ಪ್ರಯಾಣಿಕರೂ ಚಾಲಕರೂ ಒಳಗೊಳಗೇ ಸೇರಿಕೊಂಡು ವಿಮಾ ಕಂಪನಿಗೆ ಮೋಸ ಮಾಡಬಾರದು ಎಂದು. ಆದರೆ ಈ ಕಾರು ನ್ಯೂಯಾರ್ಕಿನದು, ವಿಮೆ ಅಲ್ಲಿನದು, ಮೂವರೂ ಅಲ್ಲಿನವರೇ. 1963ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯ ತನ್ನ ರಾಜ್ಯದ ಕಾನೂನನ್ನೇ ಅನ್ವಯಿಸಿತು. ಆಮೇಲೆ ಪ್ರಶ್ನೆ ಬದಲಿಸಿ: ವಿವಾದ ಇದ್ದದ್ದು ವೇಗದ ಮಿತಿ ಮೀರಿದ್ದರ ಬಗ್ಗೆ ಆಗಿದ್ದರೆ? ಗಾಡಿ ಹೇಗೆ ಓಡಿಸಬೇಕು ಎನ್ನುವುದಕ್ಕೆ ಸಾಮಾನ್ಯವಾಗಿ ರಸ್ತೆ ಇರುವ ಜಾಗದ ಕಾನೂನೇ ಮುಖ್ಯ ಎಂದು ಅದೇ ತೀರ್ಪು ಹೇಳುತ್ತದೆ. ಒಂದೇ ಪ್ರಕರಣದಲ್ಲಿ ಒಂದೊಂದು ಅಂಶಕ್ಕೆ ಒಂದೊಂದು ಕಾನೂನು ಬರಬಹುದು ಎಂದು ಗೊತ್ತಾದಾಗ ತರಗತಿ ಎದ್ದು ಕೂರುತ್ತದೆ. ನನಗೆ ಇಡೀ ವರ್ಷದಲ್ಲಿ ಅತ್ಯಂತ ಇಷ್ಟವಾದ ಗಳಿಗೆ ಅದು.

ಈ ವಿಷಯದ ಹೆಸರಿನಲ್ಲಿರುವ ‘ಅಂತರರಾಷ್ಟ್ರೀಯ’ ಎಂಬ ಪದ ದಾರಿ ತಪ್ಪಿಸುತ್ತದೆ ಎನ್ನುವುದನ್ನು ಆಗ ಹೇಳಿ. ಹೇಗ್ ಸಮ್ಮೇಳನ 1893ರಿಂದ ಬೇರೆ ಬೇರೆ ದೇಶಗಳ ಈ ನಿಯಮಗಳನ್ನು ಹತ್ತಿರ ತರಲು ದುಡಿಯುತ್ತಿದೆ, ಒಪ್ಪಂದಗಳೂ ಇವೆ. ಆದರೂ ಇದು ಬಹುಪಾಲು ಆಯಾ ದೇಶದ್ದೇ ಕಾನೂನು.

ಯಾವ ಕೋರ್ಟು, ಯಾವ ಕಾನೂನು, ಬಂದ ತೀರ್ಪನ್ನು ಬೇರೆ ದೇಶ ಒಪ್ಪುತ್ತದೆಯೇ? ಈ ಮೂರನ್ನು ಬೋರ್ಡಿನ ಮೂಲೆಯಲ್ಲಿ ಬರೆದು ವರ್ಷವಿಡೀ ಅಳಿಸಬೇಡಿ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಒಂದು ದೇಶ ಕೊಟ್ಟ ವಿಚ್ಛೇದನವನ್ನು ಇನ್ನೊಂದು ದೇಶ ಒಪ್ಪದಿದ್ದರೆ, ಗಡಿಯ ಈಚೆ ಬಿಡುಗಡೆ ಪಡೆದ ಹೆಂಗಸು ಆಚೆ ಇನ್ನೂ ಹೆಂಡತಿಯೇ. ಅವಳು ಮರುಮದುವೆ ಆಗಬಹುದೇ ಎಂದು ಕೇಳಿ ನೋಡಿ.

ರೆನ್ವಾಯ್‌ಗೆ ಆತುರ ಬೇಡ; ಒಂದು ದೇಶದ ನಿಯಮ ಇನ್ನೊಂದರ ಕಾನೂನಿನತ್ತ ಕಳಿಸಿದಾಗ ಅದು ಮರಳಿ ಕಳಿಸುವುದೇ ರೆನ್ವಾಯ್. ಸಮಯ ಬಂದಾಗ ಫೋರ್ಗೋನ ಕಥೆ ಹೇಳಿ. ಬವೇರಿಯಾದಲ್ಲಿ ವಿವಾಹೇತರ ಸಂಬಂಧದಲ್ಲಿ ಹುಟ್ಟಿ, ಎಳವೆಯಲ್ಲೇ ಫ್ರಾನ್ಸಿಗೆ ಬಂದು, ಅಲ್ಲೇ ಬಾಳಿ, ಉಯಿಲು ಬರೆಯದೆ ಸತ್ತವನು. ಫ್ರಾನ್ಸಿನ ನಿಯಮ ಬವೇರಿಯಾದ ಕಾನೂನು ನೋಡು ಎಂದಿತು, ಬವೇರಿಯಾದ ನಿಯಮ ಫ್ರಾನ್ಸಿನತ್ತಲೇ ಕೈ ತೋರಿಸಿತು. 1878ರಲ್ಲಿ ಫ್ರೆಂಚ್ ಕೋರ್ಟು ಅದನ್ನು ಒಪ್ಪಿಕೊಂಡಿತು, ಹೀಗೆ ಫ್ರಾನ್ಸಿನ ಕಾನೂನೇ ಅನ್ವಯವಾಯಿತು. ತಾಯಿ ಕಡೆಯ ನೆಂಟರಿಗೆ ಏನೂ ದಕ್ಕಲಿಲ್ಲ, ಆಸ್ತಿ ಫ್ರೆಂಚ್ ಖಜಾನೆಗೆ ಹೋಯಿತು.