ಓದುಗರ ಪ್ರಶ್ನೆ: ದೇವಸ್ಥಾನ ಯಾರ ಕೈಯಲ್ಲಿರಬೇಕು?

ಪ್ರಶ್ನೆ: ಎಡಪಂಥೀಯರಾದ ನೀವು ಬ್ರಿಟಿಷರನ್ನು ಬೈಯುತ್ತೀರಿ. ಆದರೆ ಬ್ರಿಟಿಷರೇ ಶುರು ಮಾಡಿದ ದೇವಸ್ಥಾನಗಳ ಮೇಲಿನ ಸರ್ಕಾರದ ಹಿಡಿತ ಮಾತ್ರ ಇರಲಿ ಅನ್ನುತ್ತೀರಿ. ಅವನ್ನು ಭಕ್ತರಿಗೆ ಬಿಟ್ಟುಕೊಟ್ಟರೆ ನಿಮಗೇನು ಕಷ್ಟ?
(ಓದುಗರೊಬ್ಬರು, ತುಮಕೂರು)

ಉತ್ತರ: ಬ್ರಿಟಿಷರು ಹಿಡಿದದ್ದು ನಿಜ, ಆದರೆ ಬಿಟ್ಟದ್ದೂ ಅವರೇ. ಆ ಅರ್ಧ ಕಥೆಯನ್ನು ಯಾರೂ ಹೇಳುವುದಿಲ್ಲ. 1817ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮದ್ರಾಸ್ ಪ್ರಾಂತ್ಯದ ದೇವಸ್ಥಾನ, ಛತ್ರಗಳ ಉಸ್ತುವಾರಿಯನ್ನು ರೆವಿನ್ಯೂ ಬೋರ್ಡಿಗೆ ಕೊಟ್ಟಿತು. ದಕ್ಷಿಣ ಕನ್ನಡವೂ ಆಗ ಮದ್ರಾಸಿಗೇ ಸೇರಿತ್ತು. ಪುರಿಗೆ ಹೋಗುವ ಯಾತ್ರಿಕರಿಂದ ಕಂಪನಿ ತೆರಿಗೆ ವಸೂಲಿ ಮಾಡುತ್ತಿತ್ತು, ತಿರುಪತಿಯಿಂದಲೂ ದುಡ್ಡು ಬರುತ್ತಿತ್ತು. ಆಮೇಲೆ ಕ್ರೈಸ್ತರ ಸರ್ಕಾರ ವಿಗ್ರಹಗಳ ಚಾಕರಿ ಮಾಡುವುದೇ ಎಂದು ಮಿಷನರಿಗಳು ಗಲಾಟೆ ಎಬ್ಬಿಸಿದರು. ಕಂಪನಿ ಮೆಲ್ಲಗೆ ಕೈ ತೊಳೆದುಕೊಂಡಿತು. 1840ರಲ್ಲಿ ಪುರಿಯ ತೆರಿಗೆ ಹೋಯಿತು, 1843ರಲ್ಲಿ ತಿರುಪತಿ ಹಾಥಿರಾಂಜಿ ಮಠದ ಮಹಂತರ ಪಾಲಾಯಿತು, 1863ರಲ್ಲಿ ಕಾಯ್ದೆಯನ್ನೇ ತಂದು ಉಳಿದದ್ದನ್ನೂ ಟ್ರಸ್ಟಿಗಳಿಗೆ, ಸಮಿತಿಗಳಿಗೆ ಒಪ್ಪಿಸಿದರು.

ಅಂದರೆ ನೀವು ಈಗ ಕೇಳುತ್ತಿರುವುದನ್ನು ಬ್ರಿಟಿಷರು ಆಗಲೇ ಮಾಡಿದ್ದರು. ಆದರೆ ದೇವಸ್ಥಾನ ಭಕ್ತರ ಕೈಗೆ ಬರಲಿಲ್ಲ. ಮಹಂತರ ಕೈಗೆ, ಮೊಕ್ತೇಸರರ ಕೈಗೆ, ಊರಲ್ಲಿ ಯಾರಿಗೆ ಜಮೀನು ಜಾಸ್ತಿ ಇತ್ತೋ ಅವರ ಕೈಗೆ ಹೋಯಿತು. ಇದರ ಮೇಲೆ ಲಗಾಮು ಹಾಕಿದವರು ನಮ್ಮವರೇ. ಮದ್ರಾಸಿನಲ್ಲಿ 1920ರ ದಶಕದಲ್ಲಿ ಧಾರ್ಮಿಕ ದತ್ತಿ ಕಾಯ್ದೆ ತಂದದ್ದು ಚುನಾವಣೆಯಲ್ಲಿ ಗೆದ್ದು ಬಂದ ಜಸ್ಟಿಸ್ ಪಕ್ಷ. ಮೈಸೂರಿನಲ್ಲಿ 1927ರ ಕಾಯ್ದೆ ಮಾಡಿದ್ದು ಮಹಾರಾಜರ ಸರ್ಕಾರ. ಪಂಜಾಬಿನಲ್ಲಂತೂ ಗುರುದ್ವಾರಗಳನ್ನು ಮಹಂತರಿಂದ ಬಿಡಿಸಲು ಅಕಾಲಿಗಳು ಎಂಬ ಸಿಖ್ ಹೋರಾಟಗಾರರು ಜೀವ ಕೊಟ್ಟರು. ಬ್ರಿಟಿಷ್ ಸರ್ಕಾರ ಮಹಂತರ ಬೆನ್ನಿಗೆ ನಿಂತಿತ್ತು. 1921ರ ಫೆಬ್ರವರಿಯಲ್ಲಿ ನಾನ್‌ಕಾನಾ ಸಾಹಿಬ್‌ನಲ್ಲಿ ಮಹಂತನ ಬಾಡಿಗೆ ಬಂಟರು ಭಕ್ತರನ್ನು ಗುರುದ್ವಾರದ ಒಳಗೇ ಕೊಂದರು. 1925ರ ಗುರುದ್ವಾರ ಕಾಯ್ದೆ ಬಂದದ್ದು ಆ ಹೋರಾಟದಿಂದ. ಅದರಲ್ಲಿ ಆಡಳಿತ ನಡೆಸುವವರನ್ನು ಭಕ್ತರೇ ಓಟು ಹಾಕಿ ಆರಿಸುತ್ತಾರೆ. ಭಕ್ತರ ಕೈಗೆ ಕೊಡುವುದು ಅಂದರೆ ಅದು. ನೀವು ಕೇಳುತ್ತಿರುವುದು ಅಂಥದ್ದೇ ಆದರೆ ನಾನು ನಿಮ್ಮ ಜೊತೆ ಇದ್ದೇನೆ.

ಇನ್ನು ನನಗೇನು ಕಷ್ಟ ಅಂದಿರಲ್ಲ. ನಮ್ಮ ಅಜ್ಜ ಕರಾವಳಿಯ ಒಂದು ದೇವಸ್ಥಾನದ ಚಾಲಗೇಣಿ ಒಕ್ಕಲು. ಚಾಲಗೇಣಿ ಅಂದರೆ ಒಡೆಯರು ಯಾವಾಗ ಬೇಕಾದರೂ ಬಿಡಿಸಬಹುದಾದ ಗೇಣಿ. ಕೊಯ್ಲು ಮುಗಿದ ಮೇಲೆ ಅಕ್ಕಿಗೆ ಬೈಹುಲ್ಲು ಸುತ್ತಿ, ಹುಲ್ಲಿನ ಹಗ್ಗದಲ್ಲಿ ಬಿಗಿದು, ಮರದ ಕೊಡತಿಯಲ್ಲಿ ಬಡಿದು ಬಡಿದು ಚೆಂಡಿನ ಹಾಗೆ ಮುಡಿ ಕಟ್ಟುತ್ತಿದ್ದರಂತೆ. ಅಷ್ಟೂ ಮುಡಿಯನ್ನು ತಲೆಮೇಲೆ ಹೊತ್ತು ಗದ್ದೆ ಹುಣಿಯಲ್ಲಿ ನಡೆದು ದೇವಸ್ಥಾನದ ಹೊರ ಅಂಗಳದಲ್ಲಿ ಇಳಿಸಬೇಕು. ಮಳೆ ಕೈಕೊಟ್ಟ ವರ್ಷವೂ ಅಷ್ಟೇ ಮುಡಿ. ಆ ವರ್ಷ ಮನೆಯಲ್ಲಿ ಗಂಜಿಗೆ ಗೆಣಸು ಬೆರೆಸಿ ಉಣ್ಣುತ್ತಿದ್ದೆವು ಎಂದು ಅಜ್ಜಿ ಹೇಳುತ್ತಿದ್ದರು. 1974ರ ಭೂಸುಧಾರಣೆ ಬಂತು, ಗೇಣಿ ಗದ್ದೆ ತನಗೆ ಸೇರಬೇಕು ಎಂದು ಅಜ್ಜ ಡಿಕ್ಲರೇಷನ್ ಕೊಟ್ಟರು, ಭೂ ನ್ಯಾಯಮಂಡಳಿಯಲ್ಲಿ ಗದ್ದೆ ಅವರ ಹೆಸರಿಗಾಯಿತು. ದೇವಸ್ಥಾನಕ್ಕೆ ವರ್ಷಾಶನ ಅಂತ ಸರ್ಕಾರ ದುಡ್ಡು ಕೊಟ್ಟಿತು. ದೇವರ ಮೇಲೆ ಅಜ್ಜನಿಗಿದ್ದ ಭಕ್ತಿ ಒಂದಿಷ್ಟೂ ಕಡಿಮೆಯಾಗಲಿಲ್ಲ, ಜಾತ್ರೆಗೆ ಕೊನೆಯವರೆಗೂ ಹೋದರು. ಸರ್ಕಾರ ಕೈ ಹಾಕದೇ ಇದ್ದಿದ್ದರೆ ಆ ಮುಡಿ ನಮ್ಮಪ್ಪನ ತಲೆಗೂ ಬರುತ್ತಿತ್ತು.

ಹಾಗಂತ ಸರ್ಕಾರ ಎಲ್ಲದಕ್ಕೂ ಕೈ ಹಾಕಬೇಕು ಅಂತ ನಾನು ಹೇಳುತ್ತಿಲ್ಲ. 1954ರಲ್ಲಿ ಉಡುಪಿಯ ಶಿರೂರು ಮಠದ ಕೇಸಿನಲ್ಲಿ ಸುಪ್ರೀಂ ಕೋರ್ಟು 1951ರ ಮದ್ರಾಸ್ ಧಾರ್ಮಿಕ ದತ್ತಿ ಕಾಯ್ದೆಯ ಹಲವು ಕಲಮುಗಳನ್ನು ಹೊಡೆದುಹಾಕಿತು. ಪೂಜೆ ಹೇಗೆ ನಡೆಯಬೇಕು ಅನ್ನೋದು ಆ ಪಂಥಕ್ಕೆ ಬಿಟ್ಟದ್ದು, ಆಸ್ತಿಯ ಆಡಳಿತವನ್ನು ಕಾನೂನು ನೋಡಬಹುದು ಎಂದು ಗೆರೆ ಎಳೆಯಿತು. ನನಗೆ ಅದು ಒಪ್ಪಿಗೆ. ನಾಲ್ಕು ವರ್ಷದ ಮೇಲೆ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಕೇಸಿನಲ್ಲಿ, ಸಮುದಾಯದ ದೇವಸ್ಥಾನವಾದರೂ ಎಲ್ಲ ಹಿಂದೂಗಳಿಗೆ ಬಾಗಿಲು ತೆರೆಯಬೇಕು, ಕೆಲವು ವಿಶೇಷ ಸೇವೆಗಳು ಮಾತ್ರ ಆ ಸಮುದಾಯಕ್ಕೆ ಇರಲಿ ಎಂದಿತು. ಅದಕ್ಕೂ ನನ್ನ ಓಟು.

ಮುಜರಾಯಿ ಇಲಾಖೆ ಚೆನ್ನಾಗಿ ನಡೆಯುತ್ತಿದೆ ಅಂತಲೂ ಹೇಳಲಾರೆ. ಇಲಾಖೆಯ ಕೈಕೆಳಗೆ 34 ಸಾವಿರದಷ್ಟು ಸಿ ದರ್ಜೆಯ ದೇವಸ್ಥಾನಗಳಿವೆ, ಅಂದರೆ ವರ್ಷದ ಆದಾಯ 5 ಲಕ್ಷ ದಾಟದವು. ಅಲ್ಲಿಗೆ ಬರುವ ತಸ್ತೀಕು, ಅಂದರೆ ಪೂಜೆಗೆಂದು ಸರ್ಕಾರ ಕೊಡುವ ಹಣ, 2025ರ ಬಜೆಟ್ಟಿನಲ್ಲಿ ವರ್ಷಕ್ಕೆ 72,000 ರೂಪಾಯಿಗೆ ಏರಿತು. ತಿಂಗಳಿಗೆ 6,000. ತಸ್ತೀಕು ಅನ್ನುವ ಮಾತು ಕಂಪನಿ ಕಾಲದ ಕಡತದಲ್ಲೂ ಇದೆ, ಮಾತಿನ ಜೊತೆ ಆ ಕಾಲದ ಕೈಬಿಗಿಯೂ ಉಳಿದುಕೊಂಡಿದೆ. ಚರ್ಚಿನ ಆಸ್ತಿಗೆ ಇಂಥ ಇಲಾಖೆ ಯಾಕಿಲ್ಲ ಎಂದು ಹಲವರು ಕೇಳುತ್ತಾರೆ. ಆ ಆಕ್ಷೇಪ ಸರಿ. ಯಾರ ಜಮೀನೇ ಆಗಲಿ, ಅಲ್ಲಿ ದುಡಿಯುವವರಿಗೆ ಲೆಕ್ಕ ತೋರಿಸಲೇಬೇಕು.

ಪ್ರಶ್ನೆ: ಸರ್ಕಾರವೇ ಎಲ್ಲ ಮಾಡಬೇಕು ಅನ್ನೋರೂ ನೀವೇ, ಸರ್ಕಾರದ ದಬ್ಬಾಳಿಕೆ ಜಾಸ್ತಿಯಾಯಿತು ಅನ್ನೋರೂ ನೀವೇ. ಯಾವುದಾದರೂ ಒಂದು ಹೇಳಬಾರದೇ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಬ್ರಿಟಿಷರ 1894ರ ಭೂಸ್ವಾಧೀನ ಕಾಯ್ದೆ ನಮ್ಮಲ್ಲಿ 2013ರ ಕೊನೆಯವರೆಗೂ ನಡೆಯಿತು. ಸಾರ್ವಜನಿಕ ಉದ್ದೇಶ ಎಂದು ಸರ್ಕಾರ ಹೇಳಿದರೆ ಮುಗಿಯಿತು, ರೈತನ ಒಪ್ಪಿಗೆ ಬೇಕಿಲ್ಲ. ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ ಕಾರ್ ಕಾರ್ಖಾನೆಗೆ ಅದೇ ಕಾಯ್ದೆಯಲ್ಲಿ ಭೂಮಿ ಕಿತ್ತುಕೊಂಡದ್ದು ಎಡರಂಗದ ಸರ್ಕಾರ. 2007ರ ಮಾರ್ಚ್ 14ರಂದು ನಂದಿಗ್ರಾಮದಲ್ಲಿ ಪೊಲೀಸರ ಗುಂಡಿಗೆ ಹಳ್ಳಿಯವರು ಸತ್ತಾಗ ಅಧಿಕಾರದಲ್ಲಿದ್ದದ್ದೂ ಅದೇ ಸರ್ಕಾರ. ಎಡಪಂಥೀಯನಾಗಿ ನನಗೆ ಇದು ಇವತ್ತಿಗೂ ನುಂಗಲಾರದ ತುತ್ತು. ಕೆಂಪು ಬಾವುಟ ಹಿಡಿದವರು ಕುರ್ಚಿಯಲ್ಲಿ ಕೂತರೆ ಸಾಕು, ಸರ್ಕಾರ ಬಡವರದ್ದಾಗುತ್ತದೆ ಎಂದು ನಂಬಿದ್ದೆವು. ಆಗಲಿಲ್ಲ.

ನಮ್ಮ ದೇವನಹಳ್ಳಿಯನ್ನು ನೋಡಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಕೈಗಾರಿಕೆಗೆ ಬೇಕು ಅಂದರು. ದ್ರಾಕ್ಷಿ, ರಾಗಿ, ತರಕಾರಿ, ಹಾಲು ಕೊಡುವ ನೆಲ. ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಸಾವಿರ ದಿನ ದಾಟಿದರೂ ಏಳಲಿಲ್ಲ. ನಡುವೆ ಸರ್ಕಾರ ಬದಲಾಯಿತು, ನೋಟಿಸು ಬದಲಾಗಲಿಲ್ಲ. ಕೊನೆಗೆ 2025ರ ಜುಲೈ 15ರಂದು ಭೂಸ್ವಾಧೀನ ಕೈಬಿಡುತ್ತೇವೆ ಎಂದು ಮುಖ್ಯಮಂತ್ರಿ ಹೇಳಬೇಕಾಯಿತು. ಅಜ್ಜನ ಹೆಸರಿಗೆ ಗದ್ದೆ ಮಾಡಿಕೊಡುವ ಸರ್ಕಾರ ಬೇಕು, ದೇವನಹಳ್ಳಿಯ ತೋಟ ಕಿತ್ತುಕೊಳ್ಳುವ ಸರ್ಕಾರ ಬೇಡ. ಎರಡೂ ಮಾತು ಒಟ್ಟಿಗೇ ಹೇಳುತ್ತೇನೆ.

ಪ್ರಶ್ನೆ: ನಮ್ಮೂರ ದೇವಸ್ಥಾನ ಮುಜರಾಯಿಗೆ ಸೇರಿದೆ, ಸಿ ದರ್ಜೆ. ಹುಂಡಿ ಲೆಕ್ಕ ಕೇಳಿದರೆ ಕಚೇರಿಯಲ್ಲಿ ಸುಮ್ನೆ ಓಡಾಡಿಸುತ್ತಾರೆ. ಏನು ಮಾಡಲಿ?
(ಓದುಗರೊಬ್ಬರು, ಹಾಸನ ಜಿಲ್ಲೆ)

ಉತ್ತರ: ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಸಿ ದರ್ಜೆ ಆದ್ದರಿಂದ ತಾಲ್ಲೂಕು ಕಚೇರಿಗೇ ಕೊಡಿ, ಜೊತೆಗೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಡಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಹಾಗಾಗಿ ಹುಂಡಿ ಎಣಿಕೆಯ ಲೆಕ್ಕಕ್ಕೆ ಒಂದು, ಜಮೀನಿನ ಪಹಣಿಗೆ ಇನ್ನೊಂದು ಬರೆಯಿರಿ. 30 ದಿನದೊಳಗೆ ಉತ್ತರ ಕೊಡಬೇಕು, ಕೊಡದಿದ್ದರೆ ಅವರ ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕಿ. ಸರ್ಕಾರಿ ಗುಟ್ಟು ಅಂತ ಹೆದರಿಸಿದರೆ ಅಂಜಬೇಡಿ. ಬ್ರಿಟಿಷರ 1923ರ ಆ ಗುಟ್ಟಿನ ಕಾಯ್ದೆಗಿಂತ 2005ರ ಮಾಹಿತಿ ಹಕ್ಕೇ ಮೇಲು ಎಂದು ಅದರ 22ನೇ ಕಲಮು ಹೇಳುತ್ತದೆ. ಈ ಹಕ್ಕಿನ ಬೇಡಿಕೆ ಹುಟ್ಟಿದ್ದು ರಾಜಸ್ಥಾನದ ಹಳ್ಳಿಗಳಲ್ಲಿ, ಬರಗಾಲದ ಕಾಮಗಾರಿಯಲ್ಲಿ ಮಣ್ಣು ಹೊತ್ತವರು ನಮ್ಮ ಹೆಸರಿನ ಮುಂದೆ ಎಷ್ಟು ಕೂಲಿ ಬರೆದಿದ್ದೀರಿ, ಮಸ್ಟರ್ ರೋಲ್ ತೋರಿಸಿ ಎಂದು ಪಟ್ಟು ಹಿಡಿದಾಗ. ಉತ್ತರ ಬಂದರೆ ಒಂದು ಪ್ರತಿ ನಮಗೂ ಕಳಿಸಿ, ಲೆಕ್ಕವನ್ನು ಒಟ್ಟಿಗೆ ಕೂತು ನೋಡೋಣ.