ನ್ಯೂಕ್ಯಾಸಲ್ ಹೇಡಿಯಾಗಿರಲಿಲ್ಲ

ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ, ಮಾರ್ಸ್ಟನ್ ಮೂರ್ ಕದನದ ಸೋಲಿನ ಮರುದಿನವೇ ರಾಜನ ಕಡೆಯ ಸೇನಾಪತಿ, ನ್ಯೂಕ್ಯಾಸಲ್‌ನ ಮಾರ್ಕ್ವೆಸ್ ವಿಲಿಯಂ ಕ್ಯಾವೆಂಡಿಶ್ ದೇಶ ಬಿಡಲು ಹೊರಟದ್ದು ಹೇಡಿತನ ಅಲ್ವಾ ಅಂತ ಕೇಳಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ.

1644ರ ಜುಲೈ 2ರ ಸಂಜೆ ನೋಡಿ. ಇವತ್ತಿಗೆ ಯುದ್ಧ ಇಲ್ಲ ಅಂತ ರಾಜನ ಕಡೆಯ ಇನ್ನೊಬ್ಬ ಸೇನಾಪತಿ, ರಾಜಕುಮಾರ ರೂಪರ್ಟ್ ಹೇಳಿದ. ನ್ಯೂಕ್ಯಾಸಲ್ ತನ್ನ ಸಾರೋಟಿಗೆ ಹೋಗಿ ತಂಬಾಕಿನ ಕೊಳವೆ ಹಚ್ಚಿದ. ಅಷ್ಟರಲ್ಲೇ ಪಾರ್ಲಿಮೆಂಟಿನ ಸೈನ್ಯ ಮೇಲೆ ಬಿತ್ತು. ಆತ ಕೂಡಲೇ ಕುದುರೆ ಹತ್ತಿದ. ಸೇವಕ ಹುಡುಗನ ಮೊಂಡು ಕತ್ತಿ ಹಿಡಿದೇ ಮೂವರನ್ನು ಕೊಂದ ಅಂತ ಹೆಂಡತಿ ಮಾರ್ಗರೆಟ್ ಬರೆದಿದ್ದಾಳೆ. ಹೆಂಡತಿಯ ಮಾತು, ಸ್ವಲ್ಪ ಜಾಸ್ತಿಯೇ ಇರಬಹುದು. ಆದರೆ ಅವನ ಬಿಳಿ ಅಂಗಿಯ ಕಾಲಾಳುಗಳು ಶರಣಾಗದೆ ನಿಂತಲ್ಲೇ ಸತ್ತರು. ಅದನ್ನು ಎದುರಾಳಿಗಳೂ ಮೆಚ್ಚಿಕೊಂಡಿದ್ದಾರೆ.

ಸ್ವಂತ ದುಡ್ಡಿನಿಂದ ಕಟ್ಟಿದ ಸೈನ್ಯ ಒಂದೇ ಸಂಜೆಗೆ ಮುಗಿಯಿತು. ಆಸ್ಥಾನದವರು ನಗುವುದನ್ನು ಸಹಿಸಲಾರೆ ಅಂದು ಸ್ಕಾರ್‌ಬರೋದಿಂದ ಹಡಗು ಹತ್ತಿ ಹ್ಯಾಂಬರ್ಗಿಗೆ ಹೋದ. ನನ್ನ ಪ್ರಕಾರ ಇದು ಭಯ ಅಲ್ಲ, ಮಾನಕ್ಕೆ ಅಂಜಿದ್ದು.

ಮುಂದಿನ ಬದುಕೂ ಸುಖದ್ದಲ್ಲ. ಪ್ಯಾರಿಸ್‌ನಲ್ಲಿ ಸಾಲ ಕೊಡುವವರೂ ಕೈ ಎತ್ತಿದರು. ಒಂದು ದಿನ ಊಟಕ್ಕೂ ಗತಿ ಇಲ್ಲ. ಹಿಂದೆ ತಾನೇ ಕೊಟ್ಟಿದ್ದ ಸಣ್ಣಪುಟ್ಟ ವಸ್ತುಗಳನ್ನು ಅಡವಿಡು ಅಂತ ಮಾರ್ಗರೆಟ್ ಕೆಲಸದ ಹುಡುಗಿಯನ್ನು ಕೇಳಿದಳು, ಆಕೆ ಸಂತೋಷದಿಂದಲೇ ಅಡವಿಟ್ಟಳು. ಇದನ್ನು ಓದುವಾಗೆಲ್ಲ ನನಗೆ ಕರುಳು ಚುರ್ ಅನ್ನುತ್ತದೆ. ಆಮೇಲೆ ಆಂಟ್‌ವರ್ಪ್‌ನಲ್ಲಿ, ಚಿತ್ರಕಾರ ರೂಬೆನ್ಸ್ ಬಾಳಿದ ಮನೆಯಲ್ಲಿ ಬಾಡಿಗೆಗಿದ್ದು ಕುದುರೆಗಳನ್ನು ಪಳಗಿಸಿದ. 1658ರಲ್ಲಿ ಅದರ ಬಗ್ಗೆ ದೊಡ್ಡ ಪುಸ್ತಕವನ್ನೂ ತಂದ. ಊರಿಗೆ ಮರಳಿದ್ದು 1660ರಲ್ಲಿ, ಹದಿನಾರು ವರ್ಷದ ಮೇಲೆ.